ಕೆಲಸ ಬಿಡದೆ 200 ಕಿ.ಮೀ. ಸೈಕಲ್: ತಯಾರಿ ಹೇಗೆ, ಯಾಕೆ ಹಾಗೆ?

ಶನಿವಾರ ಬೆಳಗಿನ ಜಾವ ಬಳ್ಳಾರಿ ರಸ್ತೆಯಲ್ಲಿ ದೇವನಹಳ್ಳಿ ಕಡೆ ಹೋದವರು ಈ ಸಾಲನ್ನು ನೋಡಿಯೇ ಇರುತ್ತೀರಿ. ಹೆಲ್ಮೆಟ್, ಬೆಳಕು ಬಿದ್ದರೆ ಹೊಳೆಯುವ ಜಾಕೆಟ್, ಹಿಂದೆ ಕೆಂಪು ದೀಪ. ಇವರಲ್ಲಿ ಹೆಚ್ಚಿನವರು ಕ್ರೀಡಾಪಟುಗಳಲ್ಲ. ಬ್ಯಾಂಕ್ ನೌಕರರು, ಮೇಷ್ಟ್ರು, ಡಾಕ್ಟರು, ಸಾಫ್ಟ್‌ವೇರ್ ಕೆಲಸದವರು. ಶನಿವಾರ ‘ಬ್ರೆವೆ’ ಅನ್ನುವ 200 ಕಿ.ಮೀ. ಸವಾರಿ ಮುಗಿಸಿ ಸೋಮವಾರ ಎಂದಿನಂತೆ ಆಫೀಸಿಗೆ ಬರುತ್ತಾರೆ. ಅವರನ್ನು ನೋಡಿ ‘ನಾನೂ ಒಂದು ಸಲ ಹೋಗಬೇಕು’ ಅಂದುಕೊಳ್ಳುವವರು ಈಗ ಜಾಸ್ತಿ ಆಗಿದ್ದಾರೆ. ನಾಲ್ಕು ವರ್ಷಕ್ಕೊಮ್ಮೆ ಫ್ರಾನ್ಸ್‌ನಲ್ಲಿ ನಡೆಯುವ 1200 ಕಿ.ಮೀ.ನ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಸವಾರಿಯ ಮುಂದಿನ ಸರದಿ 2027ರ ಆಗಸ್ಟ್‌ನಲ್ಲಿ. ಹಾಗಾಗಿ ಸೈಕಲ್ ಬಳಗಗಳಲ್ಲಿ ಈ ಮಾತು ಇನ್ನೂ ಜೋರಾಗಿದೆ.

ಹೊಸಬರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ದಿನಕ್ಕೆ ಒಂಬತ್ತು ಗಂಟೆ ಕೆಲಸ, ಎರಡು ಗಂಟೆ ಟ್ರಾಫಿಕ್, ಮನೆಯಲ್ಲಿ ಮಕ್ಕಳು. ಇದರ ನಡುವೆ ತಯಾರಿ ಆಗುತ್ತದಾ? ಆಗುತ್ತದೆ. ವಾರಕ್ಕೆ ಆರೇಳು ಗಂಟೆ ಸಿಕ್ಕರೆ, ಆರೋಗ್ಯ ಸರಿಯಿದ್ದವರು ಮೂರು ತಿಂಗಳಲ್ಲಿ 200 ಕಿ.ಮೀ.ಗೆ ಸಿದ್ಧರಾಗಬಹುದು. ಆ ಗಂಟೆಗಳನ್ನು ಎಲ್ಲಿ ಹಾಕಬೇಕು ಅನ್ನೋದು ಗೊತ್ತಿರಬೇಕು, ಅಷ್ಟೇ.

## ಬ್ರೆವೆ ಅಂದರೇನು?

ರೇಸ್‌ನಲ್ಲಿ ಯಾರು ಮೊದಲು ಅನ್ನೋದು ಮುಖ್ಯ. ಬ್ರೆವೆಯಲ್ಲಿ ಮೊದಲನೆಯವರೂ ಇಲ್ಲ, ಕೊನೆಯವರೂ ಇಲ್ಲ. ಗೊತ್ತಾದ ದೂರವನ್ನು ಗೊತ್ತಾದ ಸಮಯದೊಳಗೆ ಮುಗಿಸಿದವರೆಲ್ಲ ಸಮಾನರು. ಹೀಗೆ ಸವಾರಿ ಮಾಡುವವರನ್ನು ರಾಂಡನರ್ ಅನ್ನುತ್ತಾರೆ. ಇದರ ನಿಯಮಗಳನ್ನು ನೋಡಿಕೊಳ್ಳುವುದು ಫ್ರಾನ್ಸ್‌ನ ಆಡಾಕ್ಸ್ ಕ್ಲಬ್ ಪಾರಿಸಿಯನ್. 1904ರಲ್ಲಿ ಶುರುವಾದ ಕ್ಲಬ್ ಅದು. ನಮ್ಮ ದೇಶದಲ್ಲಿ ಆಡಾಕ್ಸ್ ಇಂಡಿಯಾ ಅದರ ಪರವಾಗಿ ಕೆಲಸ ಮಾಡುತ್ತದೆ. ಬೇರೆ ಬೇರೆ ಊರಿನ ಕ್ಲಬ್‌ಗಳು ಸವಾರಿಗಳನ್ನು ನಡೆಸುತ್ತವೆ. ಸವಾರರ ಬಾಯಲ್ಲಿ ಬ್ರೆವೆಗೆ ‘ಬಿಆರ್‌ಎಂ’ (ಬ್ರೆವೆ ದೆ ರಾಂಡನರ್ ಮೊಂಡಿಯೊ) ಅನ್ನುವ ಹೆಸರೂ ಇದೆ.

ದೂರ ಮತ್ತು ಸಮಯ ಹೀಗಿದೆ: 200 ಕಿ.ಮೀ.ಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27 ಗಂಟೆ, 600ಕ್ಕೆ 40 ಗಂಟೆ. ಈ ನಾಲ್ಕನ್ನೂ ಒಂದೇ ವರ್ಷದಲ್ಲಿ ಮುಗಿಸಿದವರು ‘ಸೂಪರ್ ರಾಂಡನರ್’. ಇದಕ್ಕೂ ಮೇಲೆ 1000 ಮತ್ತು 1200 ಕಿ.ಮೀ. ಇವೆ.

ದಾರಿಯಲ್ಲಿ ಅಲ್ಲಲ್ಲಿ ‘ಕಂಟ್ರೋಲ್’ ಅನ್ನುವ ಜಾಗಗಳಿರುತ್ತವೆ. ಅಲ್ಲಿ ನಿಮ್ಮ ಕಾರ್ಡಿಗೆ ಸೀಲು ಬೀಳುತ್ತದೆ, ಇಲ್ಲವೇ ಆಯೋಜಕರು ಹೇಳಿದಂತೆ ಫೋಟೊ, ಬಿಲ್ಲು ಏನಾದರೂ ಪುರಾವೆ ಕೊಡಬೇಕು. ಪ್ರತಿ ಕಂಟ್ರೋಲಿಗೂ ತೆರೆಯುವ, ಮುಚ್ಚುವ ಹೊತ್ತು ಇರುತ್ತದೆ. ನಡುದಾರಿಯಲ್ಲಿ ಕಾರಿನಲ್ಲಿ ಹಿಂಬಾಲಿಸಿ ಸಹಾಯ ಮಾಡುವಂತಿಲ್ಲ. ಪಂಕ್ಚರ್ ಆದರೆ ನೀವೇ ಹಾಕಿಕೊಳ್ಳಬೇಕು. ಸೈಕಲ್ ಇಂಥದ್ದೇ ಆಗಬೇಕು ಅಂತಿಲ್ಲ. ಮನುಷ್ಯ ತುಳಿದು ಓಡಿಸುವಂಥದ್ದು ಆದರೆ ಸಾಕು. ಹಾಗಾಗಿ ಮೊದಲ 200ಕ್ಕೆ ಲಕ್ಷ ರೂಪಾಯಿ ಸೈಕಲ್ ಬೇಕೇ ಬೇಕು ಅನ್ನುವ ಮಾತನ್ನು ನಂಬಬೇಡಿ. ಸರ್ವಿಸ್ ಮಾಡಿಸಿದ, ನಿಮ್ಮ ಅಳತೆಗೆ ಸರಿಯಾದ ಹೈಬ್ರಿಡ್ (ರೋಡ್ ಬೈಕ್, ಮೌಂಟನ್ ಬೈಕ್ ಎರಡರ ನಡುವಿನ) ಸೈಕಲ್ ಸಾಕು.

## ಗಡಿಯಾರ ನಿಲ್ಲುವುದಿಲ್ಲ

ಹೊಸಬರು ವೇಗದ ಬಗ್ಗೆ ತುಂಬಾ ತಲೆ ಕೆಡಿಸಿಕೊಳ್ಳುತ್ತಾರೆ. ನಿಜವಾಗಿ ಬೇಕಾದ ಸರಾಸರಿ ಗಂಟೆಗೆ ಸುಮಾರು 15 ಕಿ.ಮೀ. ಮಾತ್ರ. ಆದರೆ ನೀವು ದೋಸೆ ತಿನ್ನುತ್ತಿರಲಿ, ಟ್ಯೂಬ್ ಬದಲಿಸುತ್ತಿರಲಿ, ಬೇವಿನ ಮರದ ಕೆಳಗೆ ಕೂತಿರಲಿ, ಗಡಿಯಾರ ಓಡುತ್ತಲೇ ಇರುತ್ತದೆ.

ಒಂದು ಕಂಟ್ರೋಲನ್ನು ಹತ್ತಿರದಿಂದ ನೋಡೋಣ. ಹೈವೇ ಪಕ್ಕದ ಹೋಟೆಲ್ ಅಂತಿಟ್ಟುಕೊಳ್ಳಿ. ಸೈಕಲ್ ಒರಗಿಸಿ, ಗ್ಲೌಸ್ ಬಿಚ್ಚಿ, ಮನೆಗೆ ಒಂದು ಮೆಸೇಜ್. ಮಸಾಲೆ ದೋಸೆ ಹೇಳಿದ್ದಾಯಿತು, ಅದು ಬರಲು ಕಾಲು ಗಂಟೆ. ಅಷ್ಟರಲ್ಲಿ ಪರಿಚಯದವರು ಬಂದರು, ಮಾತು ಶುರು. ಕಾಫಿ. ಹೊರಟ ಮೇಲೆ ಬಾಟಲಿ ಖಾಲಿ ಅಂತ ನೆನಪಾಗಿ ಮತ್ತೆ ಒಳಗೆ. ನೋಡಿದರೆ 50 ನಿಮಿಷ ಹೋಗಿರುತ್ತದೆ. ಅನುಭವಿಗಳು ಅದೇ ಜಾಗದಲ್ಲಿ ಇಳಿದ ಕೂಡಲೇ ಸೀಲು ಹಾಕಿಸುತ್ತಾರೆ, ಬಾಟಲಿ ತುಂಬಿಸುತ್ತಾರೆ, ರೆಡಿ ಇರುವ ಇಡ್ಲಿ ತಿನ್ನುತ್ತಾರೆ, ಟಾಯ್ಲೆಟ್ ಮುಗಿಸಿ 15 ನಿಮಿಷದಲ್ಲಿ ಹೊರಡುತ್ತಾರೆ.

ವ್ಯತ್ಯಾಸ 35 ನಿಮಿಷ. ಹೀಗೆ ನಾಲ್ಕು ಕಡೆ ನಿಂತರೆ 2 ಗಂಟೆ 20 ನಿಮಿಷ. ಗಂಟೆಗೆ 20 ಕಿ.ಮೀ. ವೇಗದಲ್ಲಿ 200 ಕಿ.ಮೀ. ತುಳಿಯಲು 10 ಗಂಟೆ ಬೇಕು. ಹಾಳಾದ ಅಷ್ಟೂ ಹೊತ್ತನ್ನು ಕಾಲಿನ ಬಲದಿಂದಲೇ ವಾಪಸ್ ಪಡೆಯಬೇಕಾದರೆ ವೇಗ 26 ಕಿ.ಮೀ.ಗೆ ಏರಬೇಕು. ಕೆಲಸಕ್ಕೆ ಹೋಗುವವರಿಗೆ ಅಷ್ಟು ವೇಗ ಗಳಿಸಲು ವರ್ಷಗಳೇ ಹಿಡಿಯಬಹುದು. ಹೋಟೆಲಿನಲ್ಲಿ ಬೇಗ ಏಳುವುದನ್ನು ಒಂದೇ ದಿನದಲ್ಲಿ ಕಲಿಯಬಹುದು, ಅಲ್ವಾ?

## ನಿಧಾನವಾಗಿ ತುಳಿದರೆ ಏನು ಲಾಭ?

ದೇಹ ಎರಡು ಬಗೆಯ ಉರುವಲು ಬಳಸುತ್ತದೆ. ಒಂದು ಕೊಬ್ಬು, ಇನ್ನೊಂದು ಸಕ್ಕರೆ ಅಂಶ. ಈ ಸಕ್ಕರೆ ಅಂಶ ಗ್ಲೈಕೋಜೆನ್ ರೂಪದಲ್ಲಿ ಸ್ನಾಯುಗಳಲ್ಲಿ ಮತ್ತು ಯಕೃತ್ತಿನಲ್ಲಿ ಕೂಡಿಟ್ಟಿರುತ್ತದೆ. ಸೌದೆ ಒಲೆ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಣಗಿದ ತೆಂಗಿನ ಗರಿ ಒಲೆಗಿಟ್ಟರೆ ಭಗ್ಗನೆ ಉರಿದು ಬೇಗ ಮುಗಿಯುತ್ತದೆ. ದಪ್ಪ ಕೊರಡು ಹತ್ತಿಕೊಳ್ಳಲು ತಡ, ಆದರೆ ಗಂಟೆಗಟ್ಟಲೆ ಉರಿಯುತ್ತದೆ. ಸಕ್ಕರೆ ಗರಿಯಿದ್ದಂತೆ, ಕೊಬ್ಬು ಕೊರಡಿದ್ದಂತೆ.

ಗ್ಲೈಕೋಜೆನ್ ನಮ್ಮಲ್ಲಿ ಸುಮಾರು 400ರಿಂದ 500 ಗ್ರಾಂ ಇರುತ್ತದೆ. ಅಂದರೆ ಹತ್ತಿರ ಹತ್ತಿರ 2000 ಕಿಲೊ ಕ್ಯಾಲೊರಿ. 200 ಕಿ.ಮೀ. ಸವಾರಿಗೆ ಇದರ ಎರಡು ಪಟ್ಟಿಗಿಂತ ಜಾಸ್ತಿ ಬೇಕಾಗಬಹುದು. ತೆಳ್ಳಗಿರುವವರ ಮೈಯಲ್ಲೂ ಕೊಬ್ಬು ಮಾತ್ರ ಹತ್ತಾರು ಸಾವಿರ ಕಿಲೊ ಕ್ಯಾಲೊರಿಯಷ್ಟು ಇರುತ್ತದೆ. ಜೋರಾಗಿ ತುಳಿದಾಗ ದೇಹ ಸಕ್ಕರೆಯನ್ನು ಹೆಚ್ಚು ಬಳಸುತ್ತದೆ. ಸಮಾಧಾನವಾಗಿ ತುಳಿದಾಗ ಕೊಬ್ಬಿನ ಪಾಲು ಏರುತ್ತದೆ.

ತಿಂಗಳುಗಟ್ಟಲೆ ಸಮಾಧಾನವಾಗಿ ತುಳಿದರೆ ದೇಹವೇ ಬದಲಾಗುತ್ತದೆ. ಜೀವಕೋಶದಲ್ಲಿ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾಗಳು ಹೆಚ್ಚುತ್ತವೆ. ಸ್ನಾಯುಗಳಿಗೆ ರಕ್ತ ಒಯ್ಯುವ ಸಣ್ಣ ಸಣ್ಣ ನಾಳಗಳು ಬೆಳೆಯುತ್ತವೆ. ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳುತ್ತದೆ. ಆಗ ಮೊದಲಿನ ವೇಗವೇ ಹಗುರ ಅನಿಸತೊಡಗುತ್ತದೆ.

‘ಸಮಾಧಾನ’ ಅಂದರೆ ಎಷ್ಟು? ತುಳಿಯುತ್ತಲೇ ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು. ಎರಡು ಪದಕ್ಕೊಮ್ಮೆ ಉಸಿರು ಎಳೆಯಬೇಕಾದರೆ ಅದು ಜೋರು. ವಾಚ್ ತೋರಿಸುವ ಹೃದಯ ಬಡಿತದ ವಲಯಗಳು ಬಹಳ ಸಲ 220ರಲ್ಲಿ ವಯಸ್ಸು ಕಳೆಯುವ ಲೆಕ್ಕದ ಮೇಲೆ ನಿಂತಿರುತ್ತವೆ. ಅದು ಬರೀ ಅಂದಾಜು. ಒಬ್ಬೊಬ್ಬರಿಗೆ ಹತ್ತು ಹದಿನೈದು ಬಡಿತದಷ್ಟು ಹೆಚ್ಚುಕಡಿಮೆ ಆಗುತ್ತದೆ. ಮಾತಿನ ಪರೀಕ್ಷೆಗೆ ಯಂತ್ರವೂ ಬೇಡ, ದುಡ್ಡೂ ಬೇಡ.

## ವಾರದ ಆರೇಳು ಗಂಟೆ

ಕೆಲಸದವರಿಗೆ ವಾರದ ದಿನಗಳಲ್ಲಿ ಸಿಗುವುದು ಒಂದೊಂದು ಗಂಟೆ. ಅದೂ ಬೆಂಗಳೂರಿನಂಥ ಊರಿನಲ್ಲಿ ಬೆಳಗ್ಗೆ ಆರೂವರೆಯ ಒಳಗೆ. ಹಾಗಾಗಿ ಮಂಗಳವಾರ, ಗುರುವಾರ ಎರಡು ಚಿಕ್ಕ ಸವಾರಿ, ಶನಿವಾರ ಒಂದು ಉದ್ದ ಸವಾರಿ ಅನ್ನುವ ಏರ್ಪಾಡು ಬಹಳ ಜನರಿಗೆ ಹೊಂದುತ್ತದೆ. ಭಾನುವಾರ ಮನೆಯವರಿಗೆ. ಬೇಕಾದರೆ ಮಕ್ಕಳ ಜೊತೆ ಪಾರ್ಕಿನ ಸುತ್ತ ಹಗುರವಾಗಿ ತುಳಿಯಬಹುದು.

ಎರಡು ಚಿಕ್ಕ ಸವಾರಿಗಳಲ್ಲಿ ಒಂದು ಜೋರಿನದ್ದಾಗಿರಲಿ. ಹತ್ತು ನಿಮಿಷ ಮೈ ಬಿಸಿ ಮಾಡಿಕೊಂಡು, ನಾಲ್ಕು ನಿಮಿಷ ಏದುಸಿರು ಬರುವಷ್ಟು ತುಳಿಯುವುದು, ಮೂರು ನಿಮಿಷ ಹಗುರ. ಹೀಗೆ ನಾಲ್ಕು ಸಲ. ಇದರಿಂದ ದೇಹ ಆಮ್ಲಜನಕ ಬಳಸುವ ಗರಿಷ್ಠ ಮಟ್ಟ ಏರುತ್ತದೆ, ಏರುದಾರಿ ಸಲೀಸಾಗುತ್ತದೆ. ಟ್ರಾಫಿಕ್ ಇರುವ ರಸ್ತೆಯಲ್ಲಿ ಇದನ್ನು ಮಾಡಲೇಬಾರದು. ಮನೆಯೊಳಗೆ ಟ್ರೈನರ್ (ಸೈಕಲ್ಲನ್ನು ನಿಂತಲ್ಲೇ ತುಳಿಯಲು ಬಳಸುವ ಸ್ಟ್ಯಾಂಡ್) ಮೇಲೆ ಸೈಕಲ್ ನಿಲ್ಲಿಸಿ ಮಾಡುವುದು ಒಳ್ಳೆಯದು. ಟ್ರೈನರ್ ಇಲ್ಲದಿದ್ದರೆ ವಾಹನ ಕಡಿಮೆ ಇರುವ ಏರು ಹುಡುಕಿ. ಫ್ಯಾನ್ ಮಾತ್ರ ಮರೆಯಬೇಡಿ. ಒಳಗೆ ಗಾಳಿಯಿಲ್ಲದೆ ಬೆವರು ಧಾರಾಕಾರ ಸುರಿಯುತ್ತದೆ.

ವಾರದ ಎಲ್ಲ ಸವಾರಿಯನ್ನೂ ‘ಸ್ವಲ್ಪ ಜೋರು’ ಮಾಡುವುದು ಹೊಸಬರ ಅಭ್ಯಾಸ. ಸಮಯ ಕಡಿಮೆ ಇದೆ, ಇದ್ದಷ್ಟರಲ್ಲೇ ಜೋರು ಮಾಡೋಣ ಅನ್ನುವ ಲೆಕ್ಕ. ಹಾಗೆ ಮಾಡಿದರೆ ಆಯಾಸ ಇಳಿಯುವುದೇ ಇಲ್ಲ. ಜೋರಿನ ದಿನ ಕಾಲಲ್ಲಿ ಜೋರು ಉಳಿದಿರುವುದಿಲ್ಲ, ಶನಿವಾರದ ಉದ್ದ ಸವಾರಿಯೂ ಕೆಡುತ್ತದೆ.

ಆಫೀಸಿಗೆ ಸೈಕಲ್‌ನಲ್ಲೇ ಹೋಗಲು ಆಗುವವರು ಅದೃಷ್ಟವಂತರು. ಹನ್ನೆರಡು ಕಿ.ಮೀ. ದೂರದ ಆಫೀಸಾದರೆ ಹೋಗಿ ಬರುವುದರಲ್ಲಿ ಒಂದೂಕಾಲು ಗಂಟೆಗೂ ಮೇಲೆ ಕಾಲಿಗೆ ಕೆಲಸ ಸಿಗುತ್ತದೆ. ಹೇಗೂ ಟ್ರಾಫಿಕ್‌ಗೆ ಕೊಡುವ ಹೊತ್ತೇ ಅದು. ವಾರಕ್ಕೆ ಎರಡು ದಿನ ಹೋದರೂ ಲೆಕ್ಕಕ್ಕೆ ಬರುತ್ತದೆ.

## ಶನಿವಾರದ ಉದ್ದ ಸವಾರಿ

ತಯಾರಿಯ ಜೀವಾಳ ಇದೇ. ಈಗ 40 ಕಿ.ಮೀ. ಸಲೀಸಾಗಿ ತುಳಿಯುತ್ತೀರಿ ಅಂದರೆ ಮುಂದಿನ ವಾರ 50, ಆಮೇಲೆ 60. ಪ್ರತಿ ನಾಲ್ಕನೇ ವಾರ ದೂರ ಇಳಿಸಿ. ಉಸಿರಿನ ಶಕ್ತಿ ಕೆಲವೇ ವಾರಗಳಲ್ಲಿ ಏರುತ್ತದೆ. ಮೂಳೆಗೆ ಸ್ನಾಯು ಕಟ್ಟುವ ಸ್ನಾಯುರಜ್ಜುಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ಮಂಡಿನೋವು ಸಾಮಾನ್ಯವಾಗಿ ಶುರುವಾಗುವುದು ಈ ಅಂತರದಲ್ಲಿ: ಉಸಿರು ‘ಹೋಗು’ ಅನ್ನುತ್ತದೆ, ಮಂಡಿ ಇನ್ನೂ ಸಿದ್ಧವಾಗಿರುವುದಿಲ್ಲ.

ಬ್ರೆವೆಗೆ ಮೊದಲು 200 ಕಿ.ಮೀ. ತುಳಿದು ನೋಡಬೇಕಾಗಿಲ್ಲ. 130ರಿಂದ 140 ಕಿ.ಮೀ. ಮುಗಿಸಿ, ‘ಇನ್ನೂ ಸ್ವಲ್ಪ ಹೋಗಬಹುದಿತ್ತು’ ಅನಿಸಿದರೆ ಸಾಕು. ಎಡವಟ್ಟಾಗುವುದೆಲ್ಲ ಈ ಸವಾರಿಗಳಲ್ಲೇ ಆಗಿಬಿಡಲಿ. ಯಾವ ತಿಂಡಿ ಹೊಟ್ಟೆಗೆ ಒಗ್ಗುತ್ತದೆ, ಯಾವ ಚಡ್ಡಿ ಉಜ್ಜುತ್ತದೆ, ಐದನೇ ಗಂಟೆಯಲ್ಲಿ ಕುತ್ತಿಗೆ ಏನನ್ನುತ್ತದೆ, ಎಲ್ಲ ಗೊತ್ತಾಗುತ್ತದೆ. ಬೆಂಗಳೂರಿನವರಿಗೆ ನಂದಿ ಬೆಟ್ಟ ಇದ್ದೇ ಇದೆ. ಸಮುದ್ರಮಟ್ಟದಿಂದ 1478 ಮೀಟರ್ ಎತ್ತರ. ಹತ್ತುವಾಗ ಹಗುರ ಗೇರ್ ಹಾಕಿ, ಸೀಟಿನ ಮೇಲೆ ಕೂತೇ ತುಳಿಯಲು ಕಲಿತರೆ ಬ್ರೆವೆಯ ಏರುಗಳು ಹೆದರಿಸುವುದಿಲ್ಲ. ಮೈಸೂರು ಕಡೆ ಹೋಗುವವರು ಒಂದು ವಿಷಯ ತಿಳಿದಿರಬೇಕು. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್‌ನಿಂದ ಬೈಕ್, ಆಟೋ, ಸೈಕಲ್‌ಗಳಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು.

## ತಿನ್ನೋದು, ಕುಡಿಯೋದು

ಹಸಿವಾದಾಗ ತಿನ್ನೋಣ ಅಂದರೆ ತಡವಾಗಿರುತ್ತದೆ. ಗ್ಲೈಕೋಜೆನ್ ಮುಗಿದಾಗ ಕಾಲು ಸೋಲುತ್ತದೆ, ಕೈ ನಡುಗುತ್ತದೆ, ಸಿಟ್ಟು ಬರುತ್ತದೆ, ತಲೆ ಮಂಕಾಗುತ್ತದೆ. ಸೈಕಲ್‌ನವರು ಇದನ್ನು ‘ಬಾಂಕ್’ ಆಗೋದು ಅನ್ನುತ್ತಾರೆ. ತಪ್ಪಿಸಲು ಮೊದಲ ಗಂಟೆಯಿಂದಲೇ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗುತ್ತಿರಬೇಕು. ಮಧ್ಯಮ ಗಾತ್ರದ ಪಚ್ಚಬಾಳೆ ಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಏಲಕ್ಕಿ ಬಾಳೆಯಾದರೆ ಎರಡು ಬೇಕು. ಸಾಧಾರಣ ಇಡ್ಲಿಯಲ್ಲಿ 10ರಿಂದ 15 ಗ್ರಾಂ. ಕಡಲೆಕಾಯಿ ಚಿಕ್ಕಿ, ಖರ್ಜೂರ, ಬೆಲ್ಲ ಜೇಬಿನಲ್ಲಿಟ್ಟುಕೊಂಡು ತುಳಿಯುತ್ತಲೇ ತಿನ್ನಬಹುದು. ದುಬಾರಿ ಎನರ್ಜಿ ಜೆಲ್ ಇಲ್ಲದೆಯೂ 200 ಕಿ.ಮೀ. ಆರಾಮಾಗಿ ಮುಗಿಯುತ್ತದೆ. ಪೂರಿ, ಬಜ್ಜಿ, ಬಿರಿಯಾನಿ ಮುಗಿದ ಮೇಲೆ ಇರಲಿ. ಎಣ್ಣೆ ಪದಾರ್ಥ ಹೊಟ್ಟೆಯಿಂದ ಕೆಳಗಿಳಿಯಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ.

ನೀರಿನ ವಿಷಯದಲ್ಲಿ ಎರಡೂ ಕಡೆ ಅಪಾಯ ಇದೆ. ಕಡಿಮೆ ಕುಡಿದರೆ ರಕ್ತದ ಪ್ರಮಾಣ ಇಳಿದು ಹೃದಯಕ್ಕೆ ಹೊರೆ. ಬೆವರಿನಲ್ಲಿ ಉಪ್ಪು ಹೋಗುತ್ತಿರುವಾಗ ಬರೀ ನೀರನ್ನೇ ವಿಪರೀತ ಕುಡಿದರೆ ರಕ್ತದಲ್ಲಿ ಸೋಡಿಯಂ ತೀರಾ ಕಡಿಮೆಯಾಗಿ ಜೀವಕ್ಕೇ ಕುತ್ತು ಬರಬಹುದು. ಹಾಗಾಗಿ ಬಾಯಾರಿಕೆ ನೋಡಿ ಕುಡಿಯಿರಿ. ನೀರಿನ ಜೊತೆ ಓಆರ್‌ಎಸ್, ಉಪ್ಪು ಹಾಕಿದ ಮಜ್ಜಿಗೆ ಸೇರಿಸಿಕೊಳ್ಳಿ. ಒಂದು ಲೀಟರಿನ ಓಆರ್‌ಎಸ್ ಪ್ಯಾಕೆಟ್ಟನ್ನು ಪೂರ್ತಿ ಒಂದು ಲೀಟರ್ ನೀರಿಗೇ ಹಾಕಬೇಕು. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೆಚ್ಚು ಹೋಗುವುದು ಸೋಡಿಯಂ.

ನಿಮಗೆ ಎಷ್ಟು ನೀರು ಬೇಕು ಅನ್ನೋದನ್ನು ಮನೆಯ ತೂಕದ ಯಂತ್ರವೇ ಹೇಳುತ್ತದೆ. ಒಂದು ಗಂಟೆಯ ಸವಾರಿಗೆ ಮುಂಚೆ ಮತ್ತು ಆಮೇಲೆ ತೂಕ ನೋಡಿ. ಒಂದು ಕಿಲೊ ಇಳಿದಿದ್ದರೆ ಹೆಚ್ಚುಕಡಿಮೆ ಒಂದು ಲೀಟರ್ ಬೆವರು ಹೋಗಿದೆ ಅಂತ ಅರ್ಥ. ನಡುವೆ ಕುಡಿದ ನೀರನ್ನೂ ಅದಕ್ಕೆ ಸೇರಿಸಿಕೊಳ್ಳಿ. ಮಂಗಳೂರು, ಉಡುಪಿ ಕಡೆಯ ಸೆಕೆಯಲ್ಲಿ ಈ ಲೆಕ್ಕ ಬೆಂಗಳೂರಿಗಿಂತ ತೀರಾ ಬೇರೆಯಾಗಿರುತ್ತದೆ.

## ನಿದ್ದೆಯೂ ತರಬೇತಿಯ ಭಾಗ

ತುಳಿಯುವಾಗ ದೇಹ ಗಟ್ಟಿಯಾಗುವುದಿಲ್ಲ, ಆ ಹೊತ್ತಿಗೆ ದಣಿಯುತ್ತದೆ. ಗಟ್ಟಿಯಾಗುವುದು ಆಮೇಲೆ, ವಿಶ್ರಾಂತಿಯಲ್ಲಿ. ಸ್ನಾಯುಗಳ ರಿಪೇರಿಗೆ ನೆರವಾಗುವ ಬೆಳವಣಿಗೆಯ ಹಾರ್ಮೋನ್ ಹೆಚ್ಚಾಗಿ ಬಿಡುಗಡೆ ಆಗುವುದು ಗಾಢ ನಿದ್ದೆಯಲ್ಲಿ. ರಾತ್ರಿ ಹನ್ನೊಂದೂವರೆವರೆಗೆ ವಿದೇಶದವರ ಜೊತೆ ಕಾಲ್, ಬೆಳಗ್ಗೆ ನಾಲ್ಕೂವರೆಗೆ ಸೈಕಲ್ ಅಂದರೆ ಐದು ಗಂಟೆ ನಿದ್ದೆಯೂ ಆಗಲಿಲ್ಲ. ಇದನ್ನು ಶಿಸ್ತು ಅಂತ ಹೊಗಳುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಅಂಥ ದಿನ ಸವಾರಿ ಬಿಟ್ಟು ಮಲಗುವುದೇ ಒಳ್ಳೆಯ ತರಬೇತಿ. ಒಂದು ಸವಾರಿ ತಪ್ಪಿದರೆ ಏನೂ ಕಳೆದುಹೋಗುವುದಿಲ್ಲ. ನಿದ್ದೆ ಸಾಲದೆ ಜ್ವರ ಬಂದು ಮಲಗಿದರೆ ಎರಡು ವಾರ ಹೋಗುತ್ತದೆ.

ಬೆಳಗ್ಗೆ ಎದ್ದ ಕೂಡಲೇ ನಾಡಿ ಎಣಿಸುವ ಅಭ್ಯಾಸ ಮಾಡಿಕೊಳ್ಳಿ. ದಿನವೂ 60ರ ಆಸುಪಾಸು ಇರುವುದು ಎರಡು ಮೂರು ದಿನ 68, 70 ತೋರಿಸಿದರೆ ದೇಹ ಇನ್ನೂ ಸುಧಾರಿಸಿಕೊಂಡಿಲ್ಲ, ಇಲ್ಲವೇ ಕಾಯಿಲೆ ಬರುತ್ತಿದೆ ಅಂತ ಅನುಮಾನಿಸಬಹುದು.

## ದಿನವಿಡೀ ಕುರ್ಚಿ, ಆಮೇಲೆ ಸೈಕಲ್ ಸೀಟು

ಇಡೀ ದಿನ ಕೂತಿದ್ದರೆ ತೊಡೆಯ ಮುಂಭಾಗ, ಸೊಂಟದ ಸ್ನಾಯುಗಳು ಬಿಗಿಯುತ್ತವೆ. ಸೈಕಲ್ ಮೇಲೂ ಅದೇ ಬಾಗಿದ ಭಂಗಿ. ಬೆನ್ನು ಹಿಡಿಯುವುದು ಇದರಿಂದಲೇ. ವಾರಕ್ಕೆ ಎರಡು ದಿನ ಹದಿನೈದು ನಿಮಿಷ ಪ್ಲ್ಯಾಂಕ್, ಬಸ್ಕಿ, ಸೊಂಟ ಎತ್ತುವ ವ್ಯಾಯಾಮ ಮಾಡಿದರೆ ಎಂಟನೇ ಗಂಟೆಯಲ್ಲಿ ಅದರ ಬೆಲೆ ತಿಳಿಯುತ್ತದೆ.

ಸೀಟಿನ ಎತ್ತರವನ್ನು ಮನೆಯಲ್ಲೇ ಪರೀಕ್ಷಿಸಬಹುದು. ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಪೆಡಲನ್ನು ತೀರಾ ಕೆಳಕ್ಕೆ ತಂದು, ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೇರವಾಗಬೇಕು. ಈಗ ಪಾದದ ಮುಂಭಾಗ ಇಟ್ಟರೆ ಮಂಡಿ ಸ್ವಲ್ಪ ಬಾಗುತ್ತದೆ. ಅದೇ ಸರಿಯಾದ ಎತ್ತರಕ್ಕೆ ಹತ್ತಿರ. ಸೀಟು ತೀರಾ ತಗ್ಗಿದ್ದರೆ ಮಂಡಿಯ ಮುಂಭಾಗ ನೋಯುತ್ತದೆ, ತೀರಾ ಎತ್ತರವಿದ್ದರೆ ಹಿಂಭಾಗ. ಕಿರುಬೆರಳು ಜೋಮು ಹಿಡಿದರೆ ಅಂಗೈಯ ನರ ಒತ್ತುತ್ತಿದೆ ಅಂತ ಅರ್ಥ. ಆಗಾಗ ಕೈ ಹಿಡಿಯುವ ಜಾಗ ಬದಲಿಸಿ. ಪ್ಯಾಡ್ ಇರುವ ಸೈಕಲ್ ಚಡ್ಡಿಯ ಒಳಗೆ ಒಳ ಉಡುಪು ಹಾಕಬಾರದು. ಅದರ ಹೊಲಿಗೆಯೇ ಚರ್ಮ ಉಜ್ಜಿ ಗಾಯ ಮಾಡುತ್ತದೆ.

ನಲವತ್ತು ದಾಟಿದವರು, ಬಿಪಿ, ಶುಗರ್ ಇರುವವರು, ಮನೆಯಲ್ಲಿ ಹೃದಯದ ಕಾಯಿಲೆಯ ಇತಿಹಾಸ ಇರುವವರು ಶುರುಮಾಡುವ ಮೊದಲೇ ಡಾಕ್ಟರನ್ನು ಕಾಣಬೇಕು. ಎದೆ ಬಿಗಿತ, ತಲೆಸುತ್ತು ಬಂದರೆ ಆ ಕ್ಷಣವೇ ಇಳಿಯಿರಿ.

## ಕೊನೆಯ ವಾರ ಮತ್ತು ಆಮೇಲೆ

ಸವಾರಿಯ ಹಿಂದಿನ ವಾರ ದೂರವನ್ನು ಅರ್ಧಕ್ಕೆ ಇಳಿಸಿ. ಆ ವಾರ ಹೊಸ ಬಲವೇನೂ ಬರುವುದಿಲ್ಲ, ಆಯಾಸ ಮಾತ್ರ ಸೇರಿಕೊಳ್ಳಬಹುದು. ಹೊಸ ಶೂ, ಹೊಸ ಸೀಟು, ಹೊಸ ತಿಂಡಿ ಯಾವುದೂ ಬೇಡ. ಹಿಂದಿನ ದಿನ ಸಂಜೆಯೇ ಎರಡು ಟ್ಯೂಬ್, ಪಂಪ್, ಟೈರ್ ಬಿಚ್ಚುವ ಲಿವರ್, ಚಾರ್ಜ್ ಆದ ದೀಪ, ಪವರ್ ಬ್ಯಾಂಕ್, ಚಿಲ್ಲರೆ ದುಡ್ಡು ಮೇಜಿನ ಮೇಲೆ ಇಟ್ಟುಬಿಡಿ. ಹಿಂದಿನ ಚಕ್ರದ ಟ್ಯೂಬ್ ಬದಲಿಸುವುದನ್ನು ಮನೆಯಲ್ಲೇ ಒಂದೆರಡು ಸಲ ಮಾಡಿ ನೋಡಿರಬೇಕು. ಕತ್ತಲಲ್ಲಿ, ಹೈವೇ ಬದಿಯಲ್ಲಿ ಮೊದಲ ಸಲ ಕಲಿಯುವ ಕೆಲಸ ಅದಲ್ಲ.

300 ದಾಟಿದ ಸವಾರಿಗಳಲ್ಲಿ ರಾತ್ರಿ ಬರುತ್ತದೆ. ನಸುಕಿನ ಎರಡರಿಂದ ಐದರವರೆಗೆ ದೇಹ ತಾನಾಗೇ ನಿದ್ದೆಗೆ ಜಾರುತ್ತದೆ. ಕಣ್ಣು ಎಳೆಯತೊಡಗಿದರೆ ಹಾಡು, ಕಾಫಿ ಅಂತ ಮುಂದುವರಿಯಬಾರದು. ಬೆಳಕಿರುವ ಪೆಟ್ರೋಲ್ ಬಂಕಿನಲ್ಲಿ ಅಲಾರಂ ಇಟ್ಟು 20 ನಿಮಿಷ ಮಲಗಿ. ಮಲಗುವ ಮೊದಲು ಕಾಫಿ ಕುಡಿದಿದ್ದರೆ ಏಳುವ ಹೊತ್ತಿಗೆ ಅದೂ ಕೆಲಸ ಶುರುಮಾಡಿರುತ್ತದೆ.

ಮುಗಿಸಿದ ಮೇಲೆ ಮನೆಗೆ ನೀವೇ ಕಾರು ಓಡಿಸಿಕೊಂಡು ಹೋಗುವ ಯೋಚನೆ ಬೇಡ. ಹದಿಮೂರು ಗಂಟೆ ದಣಿದವರಿಗೆ ಸ್ಟಿಯರಿಂಗ್ ಮುಂದೆ ನಿದ್ದೆ ಬರುವುದು ಸಹಜ. 600 ಕಿ.ಮೀ. ಶನಿವಾರ ಬೆಳಗ್ಗೆ ಶುರುವಾದರೆ ಭಾನುವಾರ ರಾತ್ರಿಗೆ ಮುಗಿಯುತ್ತದೆ. ಅದಕ್ಕೆ ಸೋಮವಾರ ರಜೆ ಮೊದಲೇ ಹಾಕಿಟ್ಟಿರಬೇಕು. 200ರ ನಂತರ ಎರಡು ಮೂರು ದಿನ ಸೈಕಲ್ ಮುಟ್ಟದಿದ್ದರೂ ನಡೆಯುತ್ತದೆ. ಆಮೇಲೆ ಹಗುರವಾಗಿ ಶುರುಮಾಡಿ.

2027ರ ಪ್ಯಾರಿಸ್ ಕನಸಿರುವವರು ದಿನಾಂಕಗಳ ಮೇಲೆ ಕಣ್ಣಿಡಬೇಕು. ಬ್ರೆವೆ ವರ್ಷ ಶುರುವಾಗುವುದು ಹಿಂದಿನ ನವೆಂಬರ್ 1ಕ್ಕೆ. 2023ರ ಸಲ, ಅದೇ ವರ್ಷದಲ್ಲಿ 200, 300, 400, 600 ನಾಲ್ಕನ್ನೂ ಮುಗಿಸಿದವರಿಗೆ ಮಾತ್ರ ಅರ್ಹತೆ ಇತ್ತು. ಹಿಂದಿನ ವರ್ಷ, ಅಂದರೆ 2022ರಲ್ಲಿ ಹೆಚ್ಚು ದೂರದ ಬ್ರೆವೆ ಮುಗಿಸಿದ್ದವರಿಗೆ ಹೆಸರು ಕೊಡಲು ಮೊದಲ ಅವಕಾಶ ಸಿಕ್ಕಿತ್ತು. ಅಲ್ಲಿ 1200 ಕಿ.ಮೀ.ಗೆ ಇರುವ ಗರಿಷ್ಠ ಸಮಯ 90 ಗಂಟೆ. ಹೋಗಿ ಬರಲು ಕಡಿಮೆಯೆಂದರೂ ಹತ್ತು ದಿನದ ರಜೆ ಬೇಕು. ಆಫೀಸಿನಲ್ಲಿ ಆ ಮಾತನ್ನು ವರ್ಷದ ಮೊದಲೇ ಎತ್ತುವುದು ಒಳ್ಳೆಯದು.